ತಗಡಿನ ಡಬ್ಬಿಯಲ್ಲಿ ಗ್ಯಾಸ್ ಕಾರ್ಖಾನೆ

ಎಂಟನೇ ಕ್ಲಾಸಿಗೆ ಕಲ್ಲಿದ್ದಲಿನ ಪಾಠ ಮಾಡುವಾಗ ಒಂದು ಮಾತು ಬಂದು ಹೋಗುತ್ತದೆ. ಹಿಂದೆ ಕಲ್ಲಿದ್ದಲಿನಿಂದ ಗ್ಯಾಸ್ ತೆಗೆದು ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ಬೀದಿದೀಪ ಉರಿಸುತ್ತಿದ್ದರು ಅಂತ. ಅಷ್ಟೇ. ಮಕ್ಕಳು ಅದರ ಕೆಳಗೆ ಗೆರೆ ಎಳೆದುಕೊಂಡು ಮುಂದಿನ ಪುಟ ತಿರುಗಿಸುತ್ತಾರೆ. ನನಗೆ ಮಾತ್ರ ಅಲ್ಲಿಂದ ಮುಂದೆ ಹೋಗೋಕೆ ಮನಸ್ಸೇ ಬರುವುದಿಲ್ಲ. ಕಲ್ಕತ್ತೆಯಲ್ಲಿ 1857ರಲ್ಲೇ ಗ್ಯಾಸಿನ ಬೀದಿದೀಪ ಹತ್ತಿತ್ತು, ಮುಂಬೈಯಲ್ಲಿ 1865ರಲ್ಲಿ. ಬೆಂಗಳೂರಿನ ಬೀದಿಗೆ ಕರೆಂಟಿನ ದೀಪ ಬಂದಿದ್ದು 1905ಕ್ಕೆ, ಅಂದರೆ ಅದಕ್ಕೂ ಎಷ್ಟೋ ವರ್ಷ ಮೊದಲು ನಮ್ಮದೇ ದೇಶದ ಎರಡು ಊರುಗಳಲ್ಲಿ ನೆಲದೊಳಗೆ ಪೈಪು ಹಾಕಿ ಗ್ಯಾಸ್ ಹರಿಸಿದ್ದರು. ನಮ್ಮ ಮಕ್ಕಳಿಗೆ ಅದನ್ನು ಹೇಳಬೇಕಲ್ವಾ?

ಈ ಸಲ ಒಬ್ಬಳು ಹುಡುಗಿ ಕೇಳಿದ ಪ್ರಶ್ನೆಯಿಂದ ದಾರಿ ಸಿಕ್ಕಿತು. ದಾವಣಗೆರೆಯಲ್ಲೂ ಈಗ ರಸ್ತೆ ಅಗೆದು ಗ್ಯಾಸ್ ಪೈಪು ಹೂಳುತ್ತಿದ್ದಾರೆ. ಅದನ್ನು ನೋಡಿದ್ದ ಅವಳು, "ಮಿಸ್, ಪೈಪಿನಾಗೆ ಮನೆಗೆ ಗ್ಯಾಸ್ ಬರೋದು ಇದೇ ಮೊದಲಲ್ವಾ?" ಅಂದಳು. ಅಲ್ಲಮ್ಮ, ಬಹಳ ಹಳೇದು ಅಂದೆ. ಯಾರೂ ನಂಬಲಿಲ್ಲ. ಸರಿ, ಮಾಡಿಯೇ ತೋರಿಸೋಣ ಅಂತ ಶನಿವಾರ ಗೊತ್ತು ಮಾಡಿದೆ.

ಒಬ್ಬ ಹುಡುಗ ಇಸ್ತ್ರಿ ಅಂಗಡಿಯಿಂದ ಇದ್ದಿಲು ತಂದಿದ್ದ. ಅದು ಆಗಲ್ಲ. ಕಟ್ಟಿಗೆ ಸುಟ್ಟು ಇದ್ದಿಲು ಮಾಡುವಾಗಲೇ ಅದರೊಳಗಿನ ಗ್ಯಾಸೆಲ್ಲ ಹೋಗಿಬಿಟ್ಟಿರುತ್ತದೆ. ಬೇಕಾದ್ದು ನೆಲದಿಂದ ತೆಗೆದ ಕಲ್ಲಿದ್ದಲು. ಅದನ್ನು ಇನ್ನೊಬ್ಬ ಹುಡುಗನ ಅಜ್ಜ ಗುರುತಿನ ಕಮ್ಮಾರರ ಕುಲುಮೆಯಿಂದ ಒಂದು ಚೀಲದಲ್ಲಿ ತಂದುಕೊಟ್ಟರು. ಕೊಟ್ಟವರು ಹೋಗಲಿಲ್ಲ. "ನಾನೂ ನೋಡ್ತೀನ್ರಿ ಮೇಡಂ" ಅಂತ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಹಳೇ ಕಾಟನ್ ಮಿಲ್ಲಿನಲ್ಲಿ ಸ್ಪಿನ್ನಿಂಗ್ ಕೆಲಸ ಮಾಡಿ ಬಂದವರು.

ಮಾಡಿದ್ದು ಇಷ್ಟೇ. ತಗಡಿನ ಡಬ್ಬಿಯಲ್ಲಿ ಅರ್ಧದಷ್ಟು ಕಲ್ಲಿದ್ದಲಿನ ಚೂರು ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಮಾಡಿ, ಬಯಲಲ್ಲಿ ಮೂರು ಕಲ್ಲಿನ ಒಲೆ ಹೂಡಿ ಅದರ ಮೇಲೆ ಇಟ್ಟೆವು. ಮಕ್ಕಳನ್ನು ದೂರ ನಿಲ್ಲಿಸಿದ್ದೆ, ಗಾಳಿ ಬೀಸುವ ಕಡೆಗಂತೂ ಯಾರನ್ನೂ ಬಿಟ್ಟಿರಲಿಲ್ಲ. ಮೊದಲು ತೂತಿನಿಂದ ಬಿಳಿ ಹೊಗೆ, ಆಮೇಲೆ ಹಳದಿ ಹೊಗೆ ಬಂತು. ಕೊಳೆತ ಮೊಟ್ಟೆಯ ವಾಸನೆ, ಅದರ ಜೊತೆಗೆ ರಸ್ತೆಗೆ ಡಾಂಬರು ಹಾಕುವಾಗಿನ ವಾಸನೆ. ಉದ್ದನೆ ಕಡ್ಡಿಯ ತುದಿಗೆ ಬೆಂಕಿ ಹಚ್ಚಿ ತೂತಿನ ಹತ್ತಿರ ಹಿಡಿದಾಗ ಭಗ್ ಅಂತ ಹತ್ತಿಕೊಂಡು, ಹಳದಿ ಉರಿ ನೆಟ್ಟಗೆ ನಿಂತಿತು. ಎಷ್ಟು ಕಿರುಚಿದರು ಅಂದರೆ ಹೆಡ್‌ಮಾಸ್ಟರು ರೂಮಿನಿಂದ ಎದ್ದು ಬಂದರು.

ಹಳೇ ಗ್ಯಾಸ್ ಕಾರ್ಖಾನೆ ಅಂದರೆ ಇದೇ ಡಬ್ಬಿ, ದೊಡ್ಡದಾಗಿ. ರಿಟಾರ್ಟ್ ಅನ್ನುವ ಮುಚ್ಚಿದ ಪಾತ್ರೆಯಲ್ಲಿ ಕಲ್ಲಿದ್ದಲು ತುಂಬಿ, ಒಳಗೆ ಗಾಳಿ ಹೋಗದ ಹಾಗೆ ಮಾಡಿ, ಹೊರಗಿನಿಂದ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಿದ್ದರು. ಒಂದು ಟನ್ ಕಲ್ಲಿದ್ದಲಿಗೆ ಸುಮಾರು 300 ಘನ ಮೀಟರ್ ಗ್ಯಾಸ್ ಬರುತ್ತಿತ್ತು. ಕೆಳಗೆ ಗ್ಯಾಸ್ ಹೋದ ಕಲ್ಲಿದ್ದಲು, ಅಂದರೆ ಕೋಕ್, ಉಳಿಯುತ್ತಿತ್ತು. ಗ್ಯಾಸನ್ನು ತಣ್ಣಗೆ ಮಾಡಿದರೆ ಟಾರು ಇಳಿಯುತ್ತಿತ್ತು, ನೀರಿನಲ್ಲಿ ತೊಳೆದರೆ ಅಮೋನಿಯಾ ಬಿಟ್ಟುಹೋಗುತ್ತಿತ್ತು, ಸುಣ್ಣ ಅಥವಾ ಕಬ್ಬಿಣದ ಆಕ್ಸೈಡಿನ ಮೇಲೆ ಹಾಯಿಸಿದರೆ ಆ ಕೊಳೆತ ಮೊಟ್ಟೆ ವಾಸನೆಯ ಗಂಧಕದ ಅನಿಲ ಹೋಗುತ್ತಿತ್ತು. ಕೊನೆಗೆ ನೀರಿನ ಮೇಲೆ ಬೋರಲಾಗಿ ತೇಲುವ ದೊಡ್ಡ ಕಬ್ಬಿಣದ ಡ್ರಮ್ಮಿನಲ್ಲಿ ಗ್ಯಾಸ್ ಸಂಗ್ರಹ. ಗ್ಯಾಸ್ ತುಂಬಿದರೆ ಡ್ರಮ್ ಮೇಲೇಳುತ್ತದೆ, ಖರ್ಚಾದರೆ ಇಳಿಯುತ್ತದೆ. ಇದನ್ನು ಹಳ್ಳಿಯಿಂದ ಬರುವ ಮಕ್ಕಳು ಥಟ್ಟನೆ ಹಿಡಿದರು, ಅವರು ಗೋಬರ್ ಗ್ಯಾಸಿನ ಡ್ರಮ್ ನೋಡಿದ್ದರಲ್ಲ.

ಕಲ್ಕತ್ತೆಯಲ್ಲಿ ಓರಿಯೆಂಟಲ್ ಗ್ಯಾಸ್ ಕಂಪನಿ, ಮುಂಬೈನ ಲಾಲ್‌ಬಾಗಿನಲ್ಲಿ ಬಾಂಬೆ ಗ್ಯಾಸ್ ಕಂಪನಿ. ಸಂಜೆ ಏಣಿ ಹೊತ್ತುಕೊಂಡು ಬಂದು ಕಂಬ ಕಂಬಕ್ಕೂ ದೀಪ ಹಚ್ಚುವವರು, ಬೆಳಗ್ಗೆ ಮತ್ತೆ ಬಂದು ಆರಿಸುವವರು, ಅದೇ ಒಂದು ನೌಕರಿ. ಅಜ್ಜಾರು ನಡುವೆ ಬಾಯಿ ಹಾಕಿ ಮದುವೆ ಮೆರವಣಿಗೆಯ ಪೆಟ್ರೋಮ್ಯಾಕ್ಸ್ ನೆನಪು ಮಾಡಿಕೊಂಡರು. ಅದೂ ಇದಕ್ಕೇ ಸಂಬಂಧಪಟ್ಟಿದ್ದೇ. ಪೆಟ್ರೋಮ್ಯಾಕ್ಸಿನ ಆ ಬಲೆಯಂಥ ಮ್ಯಾಂಟಲ್ ಇದೆಯಲ್ಲ, ಅದನ್ನು ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ ಅನ್ನುವ ಆಸ್ಟ್ರಿಯಾದ ವಿಜ್ಞಾನಿ 1885ರ ಹೊತ್ತಿಗೆ ಕಂಡುಹಿಡಿದಿದ್ದೇ ಗ್ಯಾಸ್ ದೀಪಕ್ಕಾಗಿ. ಸೀಮೆಎಣ್ಣೆಗೆ ಬಂದಿದ್ದು ಆಮೇಲೆ.

ಆದರೆ ಆವತ್ತು ನಾನು ಹೇಳಲೇಬೇಕು ಅಂದುಕೊಂಡಿದ್ದು ಬೇರೆ ಇತ್ತು. ಈ ಗ್ಯಾಸ್ ದೀಪ ಬೀದಿಗೆ ಬರುವ ಮೊದಲು ಹೋಗಿದ್ದು ಹತ್ತಿಯ ಮಿಲ್ಲಿಗೆ. ವಿಲಿಯಂ ಮರ್ಡಾಕ್ ಅನ್ನುವ ಎಂಜಿನಿಯರ್ 1792ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನ ತನ್ನ ಮನೆಗೆ ಗ್ಯಾಸ್ ದೀಪ ಹಾಕಿಕೊಂಡ. ಆಮೇಲೆ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡಿನಲ್ಲಿ ಫಿಲಿಪ್ಸ್ ಮತ್ತು ಲೀ ಅನ್ನುವವರ ದೊಡ್ಡ ಕಾಟನ್ ಮಿಲ್ಲಿಗೆ ಹಾಕಿಕೊಟ್ಟ. ಒಟ್ಟು 904 ದೀಪ. 1808ರಲ್ಲಿ ಅವನೇ ಲೆಕ್ಕ ಕೊಟ್ಟಿದ್ದಾನೆ: ಅಷ್ಟೇ ಬೆಳಕಿಗೆ ಮೇಣದಬತ್ತಿ ಉರಿಸಿದರೆ ವರ್ಷಕ್ಕೆ 2000 ಪೌಂಡ್, ಗ್ಯಾಸಿಗೆ ಸುಮಾರು 600. ಬೆಳಕು ಅಗ್ಗವಾಯಿತು ಅಂದರೆ ಕತ್ತಲಾದ ಮೇಲೂ ಯಂತ್ರ ಓಡಿಸಬಹುದು. ನಮ್ಮ ಊರನ್ನೂ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರಲ್ಲ, ಅದಕ್ಕೇ ಈ ಕಥೆ ದಾವಣಗೆರೆಯ ಮಕ್ಕಳಿಗೆ ದೂರದ್ದಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಅಜ್ಜಾರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ, "ಹಂಗಾದ್ರೆ ನಮಗೆ ರಾತ್ರಿ ಪಾಳಿ ಅಂಟಿಸಿದ್ದು ಈ ಗ್ಯಾಸೇ ಅನ್ರಿ" ಅಂದರು. "ಆ ಕಲ್ಲಿದ್ದಲು ತುಂಬೋರಿಗೆ ಎಷ್ಟು ತಾಸು ಪಾಳಿ ಇತ್ತು?" ಅಂತಲೂ ಕೇಳಿದರು.

ಹನ್ನೆರಡು ತಾಸು ಅಜ್ಜಾರೇ, ಅಂದೆ. ಕೆಂಪಗೆ ಕಾದ ರಿಟಾರ್ಟಿನ ಬಾಯಿ ತೆಗೆದು, ಉರಿಯುವ ಕೋಕ್ ಎಳೆದು ಹಾಕಿ, ಮತ್ತೆ ಸಲಿಕೆಯಲ್ಲಿ ಕಲ್ಲಿದ್ದಲು ತುಂಬುವ ಕೆಲಸ. ಲಂಡನ್ನಿನ ಬೆಕ್ಟನ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ವಿಲ್ ಥಾರ್ನ್ 1889ರಲ್ಲಿ ಗ್ಯಾಸ್ ಕಾರ್ಮಿಕರ ಸಂಘ ಕಟ್ಟಿ, ಹನ್ನೆರಡು ತಾಸನ್ನು ಎಂಟಕ್ಕೆ ಇಳಿಸಿದ. ಅವನಿಗೆ ಓದು ಬರಹ ಸರಿಯಾಗಿ ಬರುತ್ತಿರಲಿಲ್ಲ, ಕಾರ್ಲ್ ಮಾರ್ಕ್ಸ್ ಮಗಳು ಎಲೀನರ್ ಕಲಿಸಿಕೊಟ್ಟಳು. ಪರೀಕ್ಷೆಗೆ ಇದು ಬರಲ್ಲ, ಬೇಡ. ಆದರೂ ಮಕ್ಕಳಿಗೆ ಗೊತ್ತಿರಬೇಕು.

ಡಬ್ಬಿ ಆರಿದ ಮೇಲೆ ಮುಚ್ಚಳ ತೆಗೆದೆವು. ಬೂದುಬಣ್ಣದ, ತೂತು ತೂತಾದ, ಹಗುರ ಕೋಕ್. ಮುಚ್ಚಳದ ಒಳಗೆ ಅಂಟಂಟು ಕಪ್ಪು ಟಾರು. ಪ್ರಶ್ನೆ ಕೇಳಿದ್ದ ಹುಡುಗಿಯೇ, "ಇದನ್ನ ಎಲ್ಲಿ ಚೆಲ್ಲೋದು ಮಿಸ್?" ಅಂದಳು. ಒಳ್ಳೇ ಪ್ರಶ್ನೆ. ಟಾರಿನಿಂದ ಬಣ್ಣ ಮಾಡಿದರು, 1856ರಲ್ಲಿ ಪರ್ಕಿನ್ ಅನ್ನುವ ಇಂಗ್ಲೆಂಡಿನ ರಸಾಯನ ವಿಜ್ಞಾನಿ ನೇರಳೆ ಬಣ್ಣ ತೆಗೆದಿದ್ದು ಇದರಿಂದಲೇ. ಆದರೂ ಎಷ್ಟೋ ಟಾರು, ಸೈನೈಡ್ ಸೇರಿ ನೀಲಿಗಟ್ಟಿದ ಆ ಕಬ್ಬಿಣದ ಪುಡಿ ಕಾರ್ಖಾನೆಯ ನೆಲದಲ್ಲೇ ಉಳಿದವು. ಯುರೋಪು, ಅಮೆರಿಕದಲ್ಲಿ ಇವತ್ತಿಗೂ ಅಂಥ ಜಾಗದ ಮಣ್ಣು ಅಗೆದು ತೆಗೆಯುತ್ತಾರೆ. ಆ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂಡ ಇರುತ್ತಿತ್ತು, ಸೋರಿದರೆ ಮಲಗಿದ್ದವರು ಮಲಗಿದ್ದ ಹಾಗೇ ಸಾಯುತ್ತಿದ್ದರು. ಈಗ ನಮ್ಮ ಬೀದಿಯ ಪೈಪಿನಲ್ಲಿ ಬರುವುದು ಹೆಚ್ಚಾಗಿ ಮೀಥೇನ್, ಅದರಲ್ಲಿ ಆ ವಿಷ ಇಲ್ಲ. ಸೋರಿದ್ದು ಗೊತ್ತಾಗಲಿ ಅಂತ ವಾಸನೆ ಬೇರೆ ಸೇರಿಸುತ್ತಾರೆ.

ಟಾರು ಹತ್ತಿದ ಮುಚ್ಚಳವನ್ನು ಪೇಪರಿನಲ್ಲಿ ಸುತ್ತಿ ಬೇರೆ ಇಟ್ಟೆವು, ಕೋಕನ್ನು ಅಜ್ಜಾರು ಕುಲುಮೆಗೆ ವಾಪಸ್ ಒಯ್ದರು. ಮುಂದಿನ ವರ್ಷ ಈ ಪಾಠ ಬಂದಾಗ ಅವರನ್ನು ಮತ್ತೆ ಕರೆಯುತ್ತೇನೆ. ಮಿಲ್ಲಿನ ಸೈರನ್, ಮೂರು ಪಾಳಿಯ ವಿಷಯ ಹೇಳೋಕೆ ಶುರು ಮಾಡಿದ್ದರು, ಅಷ್ಟರಲ್ಲಿ ಮಕ್ಕಳನ್ನು ಮನೆಗೆ ಬಿಡುವ ಹೊತ್ತಾಗಿತ್ತು.