ವಾಷಿಂಗ್ಟನ್ ಇರ್ವಿಂಗ್, ದ್ವಿತೀಯ ಬಿ.ಎ.

ಕಳೆದ ಮಳೆಗಾಲದಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡರು. ಅವರ ಬಗ್ಗೆ ಕಾಲೇಜಿನ ಸಂಚಿಕೆಗೆ ಯಾರಾದರೂ ಬರೆಯಬೇಕೆಂಬ ಮಾತು ಬಂದಾಗ, ನಮ್ಮ ತಂಡದಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯಬಲ್ಲವನು ನಾನೇ ಎಂದು ಗೆಳೆಯರು ತೀರ್ಮಾನಿಸಿದರು. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಅದು 1980ರ ದಶಕದ ಮಡಿಕೇರಿ. ಮೇಷ್ಟ್ರು ಘಟ್ಟದ ಕೆಳಗಿನವರು. ಕೊಡೆಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡು ಬರುತ್ತಿದ್ದರು. ನಗುವ ಸಾಲು ಬಂದಾಗಲೇ ಅವರ ದನಿ ತಗ್ಗುತ್ತಿತ್ತು. ಹೆಂಚಿನ ಮೇಲಿನ ಮಳೆಯ ಸದ್ದಿನಲ್ಲಿ ಮುಂದಿನ ಬೆಂಚಿನವರು ನಕ್ಕ ಮೇಲೆ, ಏನಾಯಿತೆಂದು ಹಿಂದಿನವರು ವಿಚಾರಿಸಿಕೊಳ್ಳಬೇಕಿತ್ತು. ಪಠ್ಯದಲ್ಲಿ ಏನೇನಿತ್ತೋ, ಒಂದೂ ನೆನಪಿಲ್ಲ. ಪಠ್ಯದಲ್ಲಿ ಇಲ್ಲದ ಒಂದು ಕಾದಂಬರಿ ಮಾತ್ರ ನೆನಪಿದೆ: ಜೋಸೆಫ್ ಹೆಲ್ಲರ್ ಬರೆದ ‘ಕ್ಯಾಚ್-22’.

ಕಾರ್ಯಪ್ಪ, ತಿಮ್ಮಯ್ಯನವರ ಊರಿನಲ್ಲಿ ಸೇನೆಯನ್ನು ಗೇಲಿ ಮಾಡುವ ಪುಸ್ತಕವನ್ನು ಓದಿಸುವುದಕ್ಕೆ ಎದೆಗಾರಿಕೆ ಬೇಕು. ತಿಮ್ಮಯ್ಯನವರು ಸೇನಾ ಮುಖ್ಯಸ್ಥರ ಹುದ್ದೆಯಿಂದ ನಿವೃತ್ತರಾದ 1961ರಲ್ಲೇ ಇದು ಪ್ರಕಟವಾಯಿತು ಎಂದು ಮೇಷ್ಟ್ರು ಏನೂ ತಿಳಿಯದವರಂತೆ ಹೇಳಿದ್ದರು. ಹೆಲ್ಲರ್ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ 60 ಬಾರಿ ಹಾರಿದವನು, ಹೊರಗೆ ನಿಂತು ನಗುತ್ತಿಲ್ಲ ಎಂಬುದನ್ನೂ ಮೊದಲೇ ತಿಳಿಸಿದ್ದರು. ಕಾದಂಬರಿಯಲ್ಲಿ ‘ಕ್ಯಾಚ್-22’ ಎಂಬ ನಿಯಮ ಹೀಗಿದೆ: ಹುಚ್ಚನಾದವನಿಗೆ ಹಾರಾಟದಿಂದ ವಿನಾಯಿತಿ ಉಂಟು, ಆದರೆ ಅವನೇ ಬಂದು ಕೇಳಬೇಕು; ಕೇಳಿದನೆಂದರೆ ಬುದ್ಧಿ ನೆಟ್ಟಗಿದೆ, ಹಾರಲೇಬೇಕು. ಈ ನಿಯಮ ಹಾಸ್ಟೆಲಿನ ಹುಡುಗರಿಗೆ ತಕ್ಷಣ ಅರ್ಥವಾಯಿತು. ಜ್ವರದ ರಜೆಗೆ ಸ್ವತಃ ವಾರ್ಡನ್ ಬಳಿಗೆ ನಡೆದು ಹೋಗಬೇಕಿತ್ತು, ನಡೆದು ಬಂದವನಿಗೆ ಜ್ವರವಿಲ್ಲ ಎಂದು ಅವರು ಹೇಳುತ್ತಿದ್ದರು.

ತರಗತಿಯಲ್ಲಿ ಒಮ್ಮತವಿರಲಿಲ್ಲ. ಘಟನೆಗಳು ಹಿಂದುಮುಂದಾಗಿ ಬರುವುದರಿಂದ ಕೆಲವರು ಅರ್ಧಕ್ಕೇ ಕೈಬಿಟ್ಟರು. ಒಬ್ಬ ಹುಡುಗಿ, ಇದರಲ್ಲಿ ಹೆಂಗಸರೆಂದರೆ ಹೆಚ್ಚಾಗಿ ದಾದಿಯರು ಇಲ್ಲವೇ ವೇಶ್ಯೆಯರು, ಕರ್ನಲ್‌ಗಳ ವಿಷಯದಲ್ಲಿ ಅಷ್ಟು ಚುರುಕಾಗಿ ಓಡಿದ ಬುದ್ಧಿ ಇಲ್ಲೇಕೆ ಓಡಲಿಲ್ಲ ಎಂದು ಎದ್ದು ಕೇಳಿದಳು. ಮೇಷ್ಟ್ರು ಹೆಲ್ಲರ್‌ನ ಪರ ವಹಿಸಲಿಲ್ಲ, ಬರೆದು ತರಲು ಹೇಳಿದರು. ಎನ್‌ಸಿಸಿಯ ಗೆಳೆಯನೊಬ್ಬ, ಹಾರಾಟ ತಪ್ಪಿಸಿಕೊಳ್ಳಲು ನೋಡುವ ಕಥಾನಾಯಕ ಯೊಸೇರಿಯನ್ ಹೇಡಿ ಎಂದು ಸಾರಿದ. ಎಲ್ಲರೂ ಅವನಂತೆಯೇ ಯೋಚಿಸಿದರೆ ಗತಿಯೇನು ಎಂಬುದು ಅವನ ಪ್ರಶ್ನೆ. “ಈ ಪ್ರಶ್ನೆ ಪುಸ್ತಕದಲ್ಲೇ ಇದೆ, ಉತ್ತರವೂ ಇದೆ. ಹುಡುಕಿ ತಾ” ಎಂದರು. ಪಾಪ, ಬೈಯುತ್ತಲೇ ಪೂರ್ತಿ ಓದಿದ.

ನನ್ನ ಅಪ್ಪ ಸೇನೆಯ ಸರಬರಾಜು ವಿಭಾಗದಲ್ಲಿ ಹವಾಲ್ದಾರರಾಗಿದ್ದವರು. ಕತೆಯನ್ನು ಅವರಿಗೆ ಕನ್ನಡದಲ್ಲಿ ಹೇಳಿದೆ. 40 ಹಾರಾಟ ಮುಗಿಸಿದವನಿಗೆ ಕರ್ನಲ್ 45 ಎನ್ನುವುದು, 45 ಮುಟ್ಟಿದರೆ 50 ಎನ್ನುವುದು ಅವರಿಗೆ ನಗುವ ವಿಷಯವಾಗಿ ಕಾಣಲೇ ಇಲ್ಲ. ರಜೆ ಮಂಜೂರಾಗುವುದೂ ಹೀಗೆಯೇ ಎಂದರು. ಅವರು ಸಿಟ್ಟಾದದ್ದು ಮೆಸ್ ಅಧಿಕಾರಿ ಮೈಲೋನ ಮೇಲೆ. ಏಳು ಸೆಂಟಿಗೆ ಮೊಟ್ಟೆ ಕೊಂಡು ಐದು ಸೆಂಟಿಗೆ ಮಾರಿ ಲಾಭ ತೋರಿಸುತ್ತಾನಲ್ಲ, ಆ ಮೈಲೋ. “ಆಡಿಟ್‌ನವರು ಸತ್ತಿದ್ದರೇನು? ಇದನ್ನು ಬರೆದವನಿಗೆ ರೇಷನ್ನಿನ ಲೆಕ್ಕ ಗೊತ್ತಿಲ್ಲ” ಎಂದು ಕಾಫಿ ಲೋಟ ಕುಕ್ಕಿದರು. ಇದನ್ನು ವರದಿ ಮಾಡಿದಾಗ ಮೇಷ್ಟ್ರು ತಮ್ಮ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು.

ಇನ್ನು ನಮ್ಮ ಕಿತಾಪತಿ. ಸೈನಿಕರ ಪತ್ರಗಳನ್ನು ಪರಿಶೀಲಿಸುವ ಕೆಲಸ ಬೇಸರವಾಗಿ ಯೊಸೇರಿಯನ್ ಅವುಗಳ ಮೇಲೆ ಹಳೆಯ ಅಮೆರಿಕನ್ ಲೇಖಕನೊಬ್ಬನ ಹೆಸರಿನಲ್ಲಿ ‘ವಾಷಿಂಗ್ಟನ್ ಇರ್ವಿಂಗ್’ ಎಂದು ಸಹಿ ಹಾಕುತ್ತಾನೆ, ಆ ಸಹಿಯ ಬೆನ್ನು ಹತ್ತಿ ಗುಪ್ತ ತನಿಖೆ ನಡೆಯುತ್ತದೆ. ನಾವು ಮೂವರು (ಉಪಾಯ ನನ್ನದು) ಗ್ರಂಥಾಲಯದ ವಹಿಯಲ್ಲಿ ಅದೇ ಹೆಸರು ಬರೆದು ಅದೇ ಕಾದಂಬರಿಯನ್ನು ಎರವಲು ಪಡೆದೆವು. ಗಡುವು ದಾಟಿತು. ಸೂಚನಾ ಫಲಕದಲ್ಲಿ ಚೀಟಿ ಬಿತ್ತು: ವಾಷಿಂಗ್ಟನ್ ಇರ್ವಿಂಗ್, ದ್ವಿತೀಯ ಬಿ.ಎ., ಕೂಡಲೇ ಪುಸ್ತಕ ಮರಳಿಸಿ ದಂಡ ಕಟ್ಟತಕ್ಕದ್ದು. ಹಾಜರಾತಿಯಲ್ಲಿ ಆ ಹೆಸರು ಇಲ್ಲದ್ದು ಕಂಡು ಕಚೇರಿಯವರು, ಹುಡುಗ ಶುಲ್ಕ ಕಟ್ಟಿರಲಾರ ಎಂದು ಇನ್ನೊಂದು ಚೀಟಿ ಅಂಟಿಸಿದರು. ಕೊನೆಗೆ ಮೇಷ್ಟ್ರು ಹೋಗಿ, “ನನ್ನ ವಿದ್ಯಾರ್ಥಿ, ಊರಿನಲ್ಲಿಲ್ಲ” ಎಂದು ದಂಡ ಕಟ್ಟಿ ರಸೀದಿ ಪಡೆದರು. ಮರುದಿನ ಹಾಜರಿಯ ಕೊನೆಗೆ ಆ ಹೆಸರನ್ನೂ ಕೂಗಿದರು. ನಾವು ಮೂವರೂ ಒಟ್ಟಿಗೆ ತಲೆ ತಗ್ಗಿಸಿದ್ದೇ ಸಾಕಾಯಿತು ಅವರಿಗೆ. ಯೊಸೇರಿಯನ್‌ನ ಜೊತೆ ಹಾರಿದ ಸ್ನೋಡನ್ ಎಂಬ ಹುಡುಗ ವಿಮಾನದೊಳಗೆ ಸಾಯುವ ಪುಟಗಳನ್ನು ಅಂದು ನಮ್ಮ ಕೈಯಲ್ಲೇ ಗಟ್ಟಿಯಾಗಿ ಓದಿಸಿದರು. ಯಾವ ಬೆಂಚೂ ನಗಲಿಲ್ಲ.

ಈಗಿನ ಮಕ್ಕಳಿಗೆ ಮೊಬೈಲಿನಲ್ಲಿ ಸಾರಾಂಶ ಬರುತ್ತದೆ, ಪ್ರಶ್ನೆಯ ಜೊತೆಗೆ ಉತ್ತರವೂ ಬರುತ್ತದೆ. ಅಂಕ ನಮಗಿಂತ ಹೆಚ್ಚು, ಒಪ್ಪಿದೆ. ಆದರೆ ಒಂದು ಪುಸ್ತಕ ತನಗೆ ಹಿಡಿಸಲಿಲ್ಲ ಎಂದು ಮೇಷ್ಟ್ರ ಎದುರು ನಿಂತು ಹೇಳಿದ ಮಗುವನ್ನು ನಾನಂತೂ ಕಂಡಿಲ್ಲ. ಕಚೇರಿಯಲ್ಲಿ ನನ್ನ ಟಿಪ್ಪಣಿಗಳ ಖಾರಕ್ಕೆ ಹೆಸರಿದೆ. ಅದರ ಮೂಲ ಆ ತರಗತಿ.

ಶ್ರದ್ಧಾಂಜಲಿ ಸಭೆಗೆ ಎನ್‌ಸಿಸಿಯ ಗೆಳೆಯನೂ ಬಂದಿದ್ದ, ಸೇನೆಯಿಂದ ನಿವೃತ್ತನಾಗಿ ಕಾಫಿ ತೋಟ ನೋಡಿಕೊಳ್ಳುತ್ತಿದ್ದಾನೆ. ಯೊಸೇರಿಯನ್ ಹೇಡಿಯೇ ಎಂದು ಈಗಲೂ ವಾದಿಸುತ್ತಾನೆ. ಕರ್ನಲ್‌ಗಳ ಬಗ್ಗೆ ಬರೆದದ್ದು ಮಾತ್ರ ಕಡಿಮೆಯಾಯಿತಂತೆ. ನಾವೆಲ್ಲ ಸೇರಿ ಗ್ರಂಥಾಲಯಕ್ಕೆ ಕಾದಂಬರಿಯ ಹೊಸ ಪ್ರತಿಗಳನ್ನು ಕೊಡುತ್ತಿದ್ದೇವೆ. ಅವುಗಳನ್ನು ದಯವಿಟ್ಟು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ. ಯಾವುದಾದರೂ ಪ್ರತಿ ಮರಳದಿದ್ದರೆ ನನಗೆ ಬರೆಯಿರಿ, ದಂಡ ನಾನು ಕಟ್ಟುತ್ತೇನೆ.