ಇಳಿಜಾರಿನ ಏಳು ಕಿಲೋಮೀಟರ್

ಅವತ್ತು ನಾವು ಸಾಗಿದ್ದು ಒಟ್ಟು 43 ಕಿಲೋಮೀಟರ್. ಒಳ್ಳೆಯ ಟಾರು ರಸ್ತೆಯಾಗಿದ್ದರೆ ಬಿಸಿಲೇರುವ ಮೊದಲೇ ಮುಗಿದುಹೋಗುವ ದೂರ. ಬೆಳಗ್ಗೆ ಆರೂಕಾಲಿಗೆ ಪೆಡಲ್ ಮೇಲೆ ಕಾಲಿಟ್ಟವರು ನಿಲ್ಲುವ ಜಾಗ ಮುಟ್ಟಿದಾಗ ಸಂಜೆ ಐದಕ್ಕೆ ಕಾಲು ಗಂಟೆ ಇತ್ತು. ಅಷ್ಟು ಹೊತ್ತಿನಲ್ಲಿ ನನ್ನನ್ನು ನಿಜವಾಗಿ ಹಣ್ಣುಮಾಡಿದ್ದು ಏರು ದಾರಿಯಲ್ಲ, ಇಳಿಜಾರು. ಇದನ್ನು ಹೇಳಿದರೆ ಸೈಕಲ್ ತುಳಿಯದವರು ನಂಬುವುದಿಲ್ಲ. ಹಿಂದಿನ ದಿನದವರೆಗೆ ನಾನೂ ನಂಬುತ್ತಿರಲಿಲ್ಲ.

ಮೊದಲ 20 ಕಿಲೋಮೀಟರ್ ಮಣ್ಣುರಸ್ತೆ. ಚಾವಣಿಗೆ ಹೊದಿಸುವ ತಗಡಿನ ಶೀಟಿನ ಹಾಗೆ ಉದ್ದಕ್ಕೂ ಅಡ್ಡ ಅಲೆಗಳು. ಇವು ಯಾರೂ ಮಾಡಿದ್ದಲ್ಲ, ಗಾಡಿಗಳ ಚಕ್ರಗಳೇ ಮಾಡುತ್ತವೆ. ಒಂದು ಸಣ್ಣ ಉಬ್ಬಿನ ಮೇಲೆ ಚಕ್ರ ಚಿಮ್ಮಿ ಮುಂದೆ ಬಿದ್ದಲ್ಲಿ ಮಣ್ಣು ಕದಲಿ ಗುಂಡಿಯಾಗುತ್ತದೆ, ಆ ಗುಂಡಿಯಿಂದ ಎದ್ದ ಚಕ್ರ ಇನ್ನೂ ಮುಂದೆ ಬೀಳುತ್ತದೆ. ಹೀಗೆ ಸಾಲುಸಾಲಾಗಿ ಅಲೆ ಬೆಳೆಯುತ್ತದೆ. ಕಾರಿನವರು ಜೋರಾಗಿ ಓಡಿಸಿ ಅಲೆಗಳ ತುದಿಯ ಮೇಲೇ ತೇಲಿಕೊಂಡು ಹೋಗುತ್ತಾರೆ. ಹಿಂದೆ 18 ಕಿಲೋ ಸಾಮಾನು ಕಟ್ಟಿಕೊಂಡ ಸೈಕಲ್ಲಿಗೆ ಆ ವೇಗ ಎಲ್ಲಿಂದ ಬರಬೇಕು? ಒಂದೊಂದು ಅಲೆಯನ್ನೂ ಹತ್ತಿ ಇಳಿಯಬೇಕು.

ಹಿಂದಿನ ದಿನ ಟಾರು ರಸ್ತೆಗೆಂದು ಟೈರಿಗೆ 60 ಪಿಎಸ್‌ಐ ಗಾಳಿ ಹಿಡಿಸಿದ್ದೆ. ಹಾಗೇ ಬಿಟ್ಟಿದ್ದು ತಪ್ಪು. ಒಂದು ಗಂಟೆ ಹಲ್ಲು ಕಟಕಟ ಎನ್ನುವಂತೆ ಅಲುಗಿಸಿಕೊಂಡ ಮೇಲೆ ನಿಂತು, ಗಾಳಿ ಬಿಟ್ಟು 38ಕ್ಕೆ ಇಳಿಸಿದೆ. ಅಷ್ಟು ಸಾಕಿತ್ತು, ಟೈರು ಕಲ್ಲುಗಳನ್ನು ಒದೆಯುವುದು ಬಿಟ್ಟು ಅಪ್ಪಿಕೊಂಡು ಹೋಗತೊಡಗಿತು. ಆದರೆ ಆ ಒಂದು ಗಂಟೆ ಮಾಡಿದ ಕೆಡುಕು ಆಗಲೇ ಆಗಿತ್ತು.

ಹಿಂದೆ ಬರುತ್ತಿದ್ದ ಗೆಳೆಯ ಕೂಗಿದ, "ಏಯ್, ನಿಲ್ಲು ನಿಲ್ಲು! ನಿನ್ನ ಬ್ಯಾಗು ವಾಲ್ತಾ ಇದೆ ಕಣೋ."

ಇಳಿದು ನೋಡಿದರೆ ಕ್ಯಾರಿಯರ್ ಎಡಗಾಲಿನ ಬೋಲ್ಟೇ ಇಲ್ಲ. ಅಲುಗಿ ಅಲುಗಿ ಸಡಿಲವಾಗಿ ಎಲ್ಲೋ ಹಿಂದೆ ಉದುರಿತ್ತು. ಆ ರಸ್ತೆಯಲ್ಲಿ ಬೆರಳಿನ ತುದಿಯಷ್ಟು ಬೋಲ್ಟು ಹುಡುಕುವುದು ಆಗದ ಮಾತು. ಬೋಲ್ಟು ಕುಳಿತಿದ್ದ ತೂತು ಮಾತ್ರ ದುಂಡಗೆ ಹೊಳೆಯುತ್ತಿತ್ತು. ಸುತ್ತಲೂ ಇದ್ದ ಧೂಳಿನ ನಡುವೆ ಅಷ್ಟು ಜಾಗದಲ್ಲಿ ಲೋಹ ಉಜ್ಜಿ ಉಜ್ಜಿ ಕನ್ನಡಿಯಂತಾಗಿತ್ತು. ಇಂಥ ಹೊತ್ತಿಗೆ ದೂರ ಪ್ರಯಾಣದ ಸೈಕಲ್ಲಿಗರೆಲ್ಲ ಬಲ್ಲ ಒಂದು ಉಪಾಯವಿದೆ. ನೀರಿನ ಬಾಟಲಿ ಇಡುವ ಸ್ಟ್ಯಾಂಡನ್ನು ಫ್ರೇಮಿಗೆ ಹಿಡಿದಿರುವುದೂ ಸಾಮಾನ್ಯವಾಗಿ ಅದೇ 5 ಮಿಲಿಮೀಟರ್ ದಪ್ಪದ ಬೋಲ್ಟು. ಅದರಲ್ಲೊಂದನ್ನು ಬಿಚ್ಚಿ ಕ್ಯಾರಿಯರ್‌ಗೆ ಹಾಕಿ ಬಿಗಿದೆ. ಸ್ಟ್ಯಾಂಡು ಉಳಿದ ಒಂದೇ ಬೋಲ್ಟಿನಲ್ಲಿ ನಿಂತಿತು.

ಆಮೇಲೆ ಏರು. 13 ಕಿಲೋಮೀಟರ್, ಕೆಲವು ಕಡೆ ನೂರು ಮೀಟರಿಗೆ ಹತ್ತು ಹನ್ನೆರಡು ಮೀಟರ್ ಎತ್ತರ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏರು ಕಷ್ಟ ಹೌದು, ಆದರೆ ಅದು ಗೊತ್ತಿರುವ ಕಷ್ಟ, ಲೆಕ್ಕಕ್ಕೆ ಸಿಗುವ ಕಷ್ಟ. ಮುಂದೆ 26 ಹಲ್ಲು, ಹಿಂದೆ 34 ಹಲ್ಲಿನ ಗೇರಿಗೆ ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಹೋಗುವುದು ಸುಮಾರು 1.6 ಮೀಟರ್. ಗಂಟೆಗೆ 5 ಕಿಲೋಮೀಟರ್ ವೇಗಕ್ಕೆ ನಿಮಿಷಕ್ಕೆ ಐವತ್ತು ಚಿಲ್ಲರೆ ಸುತ್ತು. ನಾನು, ಸೈಕಲ್, ಸಾಮಾನು ಸೇರಿ 98 ಕಿಲೋ. ಉಸಿರಿಗೂ ಪೆಡಲಿಗೂ ಒಂದು ತಾಳ ಕೂಡಿಸಿಕೊಂಡರೆ ದೇಹ ಹೇಗೋ ಸಾಗುತ್ತದೆ. ದಮ್ಮು ಕಟ್ಟಿದರೆ ನಿಲ್ಲಬಹುದು, ಆಗದಿದ್ದರೆ ತಳ್ಳಬಹುದು. ನಾವು ಮೂರು ಕಡೆ ತಳ್ಳಿದೆವು. ಏರಿನಲ್ಲಿ ನಿಂತರೆ ಸೈಕಲ್ಲೂ ನಿಲ್ಲುತ್ತದೆ, ಅದು ಎಂಥ ದೊಡ್ಡ ಸೌಕರ್ಯ ಎಂದು ಆಗ ನನಗೆ ಹೊಳೆದಿರಲಿಲ್ಲ.

ನೆತ್ತಿ ತಲುಪಿದಾಗ ಎರಡು ಗಂಟೆ ಹತ್ತು ನಿಮಿಷ. ಗೆಳೆಯ ಕಲ್ಲಿನ ಮೇಲೆ ಅಂಗಾತ ಮಲಗಿ, "ಇನ್ನೇನು ಇಳಿಯೋದು ತಾನೇ, ಮುಗೀತು ಬಿಡು" ಅಂದ. ನಾನೂ ಹಾಗೇ ಅಂದುಕೊಂಡೆ. ಮುಂದಿನ 7 ಕಿಲೋಮೀಟರಿನಲ್ಲಿ 600 ಮೀಟರ್ ಇಳಿಕೆ. ಇಪ್ಪತ್ತು ನಿಮಿಷದ ಕೆಲಸ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

ಮೊದಲ ತಿರುವಿನಲ್ಲೇ ಲೆಕ್ಕ ತಪ್ಪಿತು. ರಸ್ತೆ ಅನ್ನುವುದು ಸಡಿಲ ಜಲ್ಲಿಯ ಹಾಸು, ನಡುನಡುವೆ ಮುಷ್ಟಿ ಗಾತ್ರದ ಕಲ್ಲು. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಚಕ್ರ ಜಾರುತ್ತದೆ, ಮುಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಸಮಯವೇ ಇಲ್ಲ. ಹಿಂದಿನದನ್ನು ಗಟ್ಟಿಯಾಗಿ ಹಿಡಿದರೆ ಸಾಮಾನಿನ ಭಾರಕ್ಕೆ ಹಿಂಭಾಗ ಪಕ್ಕಕ್ಕೆ ತಿರುಗುತ್ತದೆ. ಹಿಡಿಯದೇ ಬಿಟ್ಟರೆ ಹತ್ತು ಎಣಿಸುವಷ್ಟರಲ್ಲಿ ವೇಗ ಕೈಮೀರುತ್ತದೆ. ಎರಡನ್ನೂ ಸರದಿಯಲ್ಲಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಸೀಟಿನಿಂದ ಎದ್ದು ಹಿಂದಕ್ಕೆ ವಾಲಿ, ಎರಡೂ ಪೆಡಲ್ ಸಮಕ್ಕೆ ಇಟ್ಟುಕೊಂಡು, ಚಕ್ರದ ಬುಡದ ಕಲ್ಲು ನೋಡದೆ ಹತ್ತು ಮೀಟರ್ ಮುಂದಿನ ದಾರಿ ನೋಡಬೇಕು. ಕಣ್ಣು ಯಾವ ಕಲ್ಲನ್ನು ನೋಡುತ್ತದೋ ಸೈಕಲ್ ಅದೇ ಕಲ್ಲಿಗೆ ಹೋಗುತ್ತದೆ. ಇದನ್ನೆಲ್ಲ ಓದಿ ತಿಳಿದಿದ್ದೆ. ಒಂದು ಗಂಟೆ ಬಿಡುವಿಲ್ಲದೆ ಮಾಡಬೇಕು ಎಂದು ಮಾತ್ರ ತಿಳಿದಿರಲಿಲ್ಲ.

ಎರಡನೇ ಕಿಲೋಮೀಟರಿನಲ್ಲಿ ಸುಟ್ಟ ವಾಸನೆ. ನಿಂತು ಬಗ್ಗಿದಾಗ ಬಾಟಲಿಯ ಬಾಯಿಂದ ಒಂದು ಹನಿ ನೀರು ಹಿಂದಿನ ಬ್ರೇಕಿನ ಡಿಸ್ಕ್ ಮೇಲೆ ಬಿತ್ತು. ಚುರ್ ಅಂತ ಸದ್ದಾಗಿ ಮಾಯವಾಯಿತು. ಇದರ ಲೆಕ್ಕವನ್ನು ಆಮೇಲೆ ಹಾಕಿ ನೋಡಿದೆ. 98 ಕಿಲೋ 600 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 576 ಕಿಲೋಜೂಲ್. ರಸ್ತೆ ಒಂದಿಷ್ಟು ನುಂಗಿದರೂ ಉಳಿದದ್ದೆಲ್ಲ ಬ್ರೇಕಿನಲ್ಲಿ ಶಾಖವಾಗಬೇಕು, ಬೇರೆ ದಾರಿಯಿಲ್ಲ. ಒಂದು ಲೀಟರಿಗೂ ಹೆಚ್ಚು ನೀರನ್ನು ಕುದಿಸಬಲ್ಲ ಶಾಖ ಅದು. ಬೆವರು ಸುರಿಸಿ ಬೆಟ್ಟ ಹತ್ತಿ ಕೂಡಿಟ್ಟದ್ದನ್ನೆಲ್ಲ ಅಂಗೈ ಅಗಲದ ಎರಡು ತಟ್ಟೆಗಳ ಮೇಲೆ ಸುರಿಯುತ್ತಿದ್ದೆವು.

ಆಮೇಲೆ ಕಿಲೋಮೀಟರಿಗೊಮ್ಮೆ ನಿಂತೆವು. ಪ್ಯಾಡು ಸವೆದು ಬ್ರೇಕಿನ ಹಿಡಿ ಹ್ಯಾಂಡಲ್‌ಗೆ ತಾಗುವಷ್ಟು ಒಳಗೆ ಬರತೊಡಗಿದಾಗ ಪ್ಯಾಡಿನ ತಿರುಪನ್ನು ಅರ್ಧ ಸುತ್ತು ಒಳಕ್ಕೆ ತಿರುಗಿಸಿದೆ. ಹಾಗೆ ಎರಡು ಸಲ.

1913ರ ಸೈಕಲ್ ಪಂದ್ಯ ಟೂರ್ ಡಿ ಫ್ರಾನ್ಸ್‌ನಲ್ಲಿ ಯುಜೀನ್ ಕ್ರಿಸ್ತೋಫ್ ಟೂರ್ಮಾಲೆ ಬೆಟ್ಟವನ್ನು ಹತ್ತಿ ಮುಗಿಸಿದ್ದರು, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಮುರಿದದ್ದು ಇಳಿಯುವಾಗ. ಸೈಕಲ್ ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು, ಊರೊಂದರ ಕುಲುಮೆಯಲ್ಲಿ ತಾವೇ ಅದನ್ನು ಬೆಸೆದರು. ತಿದಿ ಒತ್ತಲು ಒಬ್ಬ ಹುಡುಗನ ನೆರವು ಪಡೆದದ್ದಕ್ಕೆ ದಂಡವಾಗಿ ಅವರ ಸಮಯಕ್ಕೆ ಇನ್ನಷ್ಟು ನಿಮಿಷ ಸೇರಿಸಿದರು. ಈ ಕತೆ ಓದಿದಾಗೆಲ್ಲ ಆ ದಂಡದ ಅನ್ಯಾಯವೇ ನನ್ನ ಮನಸ್ಸಿನಲ್ಲಿ ನಿಲ್ಲುತ್ತಿತ್ತು. ಅವತ್ತು ಐದನೇ ಕಿಲೋಮೀಟರಿನಲ್ಲಿ ನೆನಪಾದದ್ದು ಇಳಿಯುವಾಗ ಮುರಿಯಿತು ಎಂಬ ಮಾತು.

ಕೊನೆಯ ಎರಡು ಕಿಲೋಮೀಟರ್ ಬಲಗೈಯ ಕಿರುಬೆರಳೂ ಉಂಗುರದ ಬೆರಳೂ ನನ್ನವಾಗಿರಲಿಲ್ಲ. ಮಣಿಕಟ್ಟಿನ ಹತ್ತಿರ ಈ ಬೆರಳುಗಳಿಗೆ ಹೋಗುವ ಅಲ್ನಾರ್ ನರ ಅಂಗೈಯೊಳಕ್ಕೆ ಹಾಯುವ ಇಕ್ಕಟ್ಟಿನ ಜಾಗವಿದೆ. ಹ್ಯಾಂಡಲ್ ಮೇಲೆ ಭಾರ ಹಾಕಿ ಗಂಟೆಗಟ್ಟಲೆ ಅದುರಿಸಿಕೊಂಡರೆ ಅಲ್ಲಿ ನರ ನಲುಗಿ ಬೆರಳು ಜೋಮು ಹಿಡಿಯುತ್ತದೆ. ನನ್ನನ್ನು ಹೆದರಿಸಿದ್ದು ನೋವಲ್ಲ, ನೋವಿಲ್ಲದ್ದು. ಬ್ರೇಕ್ ಎಷ್ಟು ಒತ್ತಿದ್ದೇನೆ ಎಂದು ಕೈ ನನಗೆ ಹೇಳುತ್ತಲೇ ಇರಲಿಲ್ಲ. ಒಂದು ತಿರುವಿನ ಮುಂಚೆ ನಿಂತುಬಿಟ್ಟೆ.

"ಕೈ ಮಾತು ಕೇಳ್ತಿಲ್ಲ ಕಣೋ. ಇಳಿದು ನಡೀತೀನಿ."

ಗೆಳೆಯ ವಾದ ಮಾಡಲಿಲ್ಲ. ತಾನೂ ಇಳಿದ. ಇಳಿಜಾರಿನಲ್ಲಿ ಸೈಕಲ್ ತಳ್ಳುವುದು ಎನ್ನುವುದಿಲ್ಲ, ತಡೆಯುವುದು ಎನ್ನಬೇಕು. ಮುಂದಕ್ಕೆ ನುಗ್ಗುವ ಭಾರವನ್ನು ಹಿಂದಕ್ಕೆ ಎಳೆದುಕೊಂಡು, ಹಿಮ್ಮಡಿ ಊರಿ, ಜಾರುವ ಜಲ್ಲಿಯ ಮೇಲೆ ಅರ್ಧ ಕಿಲೋಮೀಟರ್ ನಡೆದೆವು. ಕಡಿದಾದ ಭಾಗ ದಾಟಿದ ಮೇಲೆ ಮತ್ತೆ ಹತ್ತಿದೆವು. ಇಪ್ಪತ್ತು ನಿಮಿಷ ಅಂದುಕೊಂಡಿದ್ದ ಇಳಿಜಾರು ಒಂದು ಗಂಟೆ ಇಪ್ಪತ್ತು ನಿಮಿಷ ತಿಂದಿತ್ತು. ಕೆಳಗಿನ 3 ಕಿಲೋಮೀಟರ್ ಸಪಾಟು ದಾರಿಯಲ್ಲಿ ಪೆಡಲ್ ತುಳಿಯುವುದೇ ವಿಶ್ರಾಂತಿಯಂತಿತ್ತು.

ಕತ್ತಲಾದ ಮೇಲೆ ಡೇರೆಯ ಮುಂದೆ ಕೂತು ಎರಡೂ ಸೈಕಲ್ಲುಗಳ ಬೋಲ್ಟುಗಳನ್ನು ಒಂದೊಂದಾಗಿ ಬಿಗಿದು ನೋಡಲು ಹೊರಟೆ. ಅಲೆನ್ ಕೀಯನ್ನು ಬೋಲ್ಟಿನ ತಲೆಗೆ ಕೂರಿಸಲು ಹೋದರೆ ಬೆರಳುಗಳ ನಡುವಿಂದ ಜಾರಿ ಬಿತ್ತು. ಮತ್ತೆ ತೆಗೆದುಕೊಂಡೆ, ಮತ್ತೆ ಬಿತ್ತು. ಗೆಳೆಯ ಟಾರ್ಚನ್ನು ನನ್ನ ಕೈಗಿಟ್ಟ. "ನೀನು ಬೆಳಕು ಹಿಡಿ, ನಾನು ತಿರುಗಿಸ್ತೀನಿ."

ಎಡಗೈಯಲ್ಲಿ ಟಾರ್ಚು ಹಿಡಿದೆ. ಕ್ಯಾರಿಯರ್ ಕಾಲಿನ ಎರವಲು ಬೋಲ್ಟು ಒಂದು ಎಳೆಯೂ ಸಡಿಲವಾಗಿರಲಿಲ್ಲ.