ಮರಯೂರಿನ ಬಂಡೆ ಮೇಲಿನ ಕಲ್ಲು ಸಮಾಧಿಗಳು

ಮುನ್ನಾರ್ ಅಂದ್ರೆ ನಮ್ ಬೆಂಗಳೂರಿನವ್ರಿಗೆ ಟೀ ಎಸ್ಟೇಟು, ಮಂಜು, ಫೋಟೋ. ಅದಕ್ಕಿಂತ 40 ಕಿಮೀ ಈಚೆಗೇ ಮರಯೂರು ಅಂತ ಬೆಟ್ಟದೂರಿದೆ, ಅಲ್ಲಿ ಕಬ್ಬಿಣಯುಗದ ಜನ ಕಟ್ಟಿದ ಸಮಾಧಿಗಳು ಇನ್ನೂ ನಿಂತಿವೆ ಅನ್ನೋದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಕ್ರಿಸ್‌ಮಸ್ ರಜಕ್ಕೆ ಅಪ್ಪ, ಅಮ್ಮ, ಅತ್ತಿಗೆ, ಮಕ್ಕಳು ಎಲ್ಲಾ ಸೇರಿ ಅಲ್ಲಿಗೇ ಹೋದ್ವಿ.

ಹೊಸೂರು, ಸೇಲಂ, ಧಾರಾಪುರಂ, ಉಡುಮಲೈಪೇಟೆ ದಾರಿ, 400 ಕಿಮೀ ಮೇಲಾಗುತ್ತೆ. ಚಿನ್ನಾರ್ ಚೆಕ್‌ಪೋಸ್ಟ್ ದಾಟಿದ್ರೆ ಕೇರಳ, ಆದ್ರೆ ಕೇರಳ ಅಂದ ತಕ್ಷಣ ಕಣ್ಣಿಗೆ ಬರೋ ಹಸಿರು ಇಲ್ಲಿಲ್ಲ, ಮಳೆ ಮೋಡಗಳನ್ನೆಲ್ಲ ಆ ಕಡೆ ಬೆಟ್ಟಗಳೇ ತಡೆಯೋದ್ರಿಂದ ಈ ಕಡೆ ಕುರುಚಲು ಕಾಡು. ಮುಂದೆ ಘಾಟ್ ಹತ್ತಿದ್ಮೇಲೆ ರಸ್ತೆ ಪಕ್ಕದಲ್ಲೇ ಶ್ರೀಗಂಧದ ಕಾಡು, ಕಳ್ಳರಿಂದ ಕಾಪಾಡೋಕೆ ಜಾಲರಿ ಬೇಲಿ ಹಾಕಿದ್ದಾರೆ. ಅಪ್ಪ ಕಾರು ನಿಲ್ಲಿಸ್ಸಿ ಇಳಿದು ಸುಮ್ನೆ ನೋಡ್ತಾ ನಿಂತ್ರು, ನಮ್ ಕಡೆ ಇಷ್ಟು ಗಂಧದ ಮರ ಒಟ್ಟಿಗೆ ನೋಡಿ ಎಷ್ಟು ಕಾಲ ಆಯ್ತೋ ಅಂದ್ರು.

ಸಮಾಧಿಗಳನ್ನ ಅಲ್ಲಿಯವ್ರು ಮುನಿಯರ ಅಂತಾರೆ, ಋಷಿಗಳು ತಪಸ್ಸಿಗೆ ಕೂತಿದ್ದ ಜಾಗ ಅಂತ ನಂಬಿಕೆ. ಬೋಳು ಬಂಡೆ, ಅದರ ಮೇಲೆ ನಾಲ್ಕು ಚಪ್ಪಡಿ ಗೋಡೆ ಥರ ನಿಲ್ಲಿಸಿ ಮೇಲೊಂದು ದೊಡ್ಡ ಚಪ್ಪಡಿ ಮುಚ್ಚಿದ್ದಾರೆ, ಗಾರೆ ಇಲ್ಲ, ಏನಿಲ್ಲ, ಭಾರದ ಮೇಲೇ ನಿಂತಿದೆ. ಅಪ್ಪ ಮಾಗಡಿ ಕಡೆಯವ್ರು, ಬಂಡೆ ಮೇಲೆ ಸೌದೆ ಉರಿಸಿ ಕಾಯಿಸಿ ಚಪ್ಪಡಿ ಎಬ್ಬಿಸೋದನ್ನ ಚಿಕ್ಕಂದಿನಲ್ಲಿ ನೋಡಿದವ್ರು. ಅವ್ರು ಒಂದು ಕಲ್ಲಿನ ಅಂಚನ್ನ ಬೆರಳಲ್ಲಿ ಸವರಿ ಸವರಿ ನೋಡಿ, "ಎಬ್ಬಿಸೋದೇನೋ ಎಬ್ಬಿಸ್ಬೋದು ಮಗಾ, ಒಡೀದಂಗೆ ಎತ್ತಿ ಮೇಲೆ ಕೂರ್ಸೋದಿದ್ಯಲ್ಲ, ಅದಕ್ಕೆ ಊರೇ ಸೇರ್ಬೇಕು" ಅಂದ್ರು. ನಂಗೆ ಆ ಕ್ಷಣಕ್ಕೇ ಅದು ಯಾರೋ ಗೊತ್ತಿಲ್ಲದವ್ರ ಗೋರಿ ಅನ್ನೋದು ಹೋಗಿ, ಒಂದು ಮನೆಯವ್ರ ಸಾವಿಗೆ ಊರವ್ರೆಲ್ಲ ಬಂದು ಹೆಗಲು ಕೊಟ್ಟ ಕೆಲಸ ಅನ್ನಿಸ್ತು.

ನನ್ ಮಗಳು ಬಗ್ಗಿ ಒಳಗೆ ನೋಡಿ "ಅಜ್ಜಿ, ಇದ್ರಲ್ಲಿ ದೊಡ್ಡವ್ರನ್ನ ಹೆಂಗ್ ಮಲಗಿಸ್ತಾರೆ, ಜಾಗಾನೇ ಇಲ್ವಲ್ಲ" ಅಂದ್ಲು. ಒಳ್ಳೇ ಪ್ರಶ್ನೆ. ಆ ಕಾಲದ ಸಮಾಧಿಗಳಲ್ಲಿ ಬಹಳ ಕಡೆ ಇಡೀ ದೇಹ ಇಡ್ತಿರ್ಲಿಲ್ಲ, ಮೊದ್ಲು ಬೇರೆ ಕಡೆ ಬಿಟ್ಟು ಆಮೇಲೆ ಉಳಿದ ಮೂಳೆಗಳನ್ನ ಆರಿಸಿ ತಂದು ಮಡಕೆ, ಕಬ್ಬಿಣದ ಸಾಮಾನಿನ ಜೊತೆ ಇಡ್ತಿದ್ರು. ಅಮ್ಮ ಅದನ್ನ ಕೇಳಿ, ನಾವೂ ಮೂರನೇ ದಿನ ಅಸ್ಥಿ ಆರಿಸ್ತೀವಲ್ಲಮ್ಮ ಹಂಗೇ ಅಂತ ಅವಳಿಗೆ ಹೇಳಿ, ಚಪ್ಪಲಿ ಬಿಟ್ಟು ಕೈ ಮುಗಿದ್ರು. ನಾವ್ಯಾರೂ ಹೇಳಿರ್ಲಿಲ್ಲ.

ಬೇಜಾರಾಗಿದ್ದು ಎಷ್ಟೋ ಮುನಿಯರಗಳು ಕುಸಿದು ಬಿದ್ದಿರೋದಕ್ಕೆ, ಮತ್ತೆ ಕಲ್ಲಿನ ಮೇಲೆ ಗೀಚಿರೋ ಹೆಸರುಗಳಿಗೆ. ಅದಕ್ಕೆ ಕೇರಳದವ್ರನ್ನ ಮಾತ್ರ ಅಂದು ಪ್ರಯೋಜನ ಇಲ್ಲ, ನಮ್ ಏರ್‌ಪೋರ್ಟ್ ರೋಡಿನ ಚಿಕ್ಕಜಾಲದಲ್ಲೂ ಇಂಥವೇ ಬೃಹತ್ ಶಿಲಾ ಸಮಾಧಿಗಳಿದ್ವು, ದಿನಾ ಆ ದಾರೀಲಿ ಕ್ಯಾಬಲ್ಲಿ ಹೋಗೋ ಎಷ್ಟು ಜನಕ್ಕೆ ಅದು ಗೊತ್ತು ಹೇಳಿ.

ಊಟ ಆದ್ಮೇಲೆ ಆಲೆಮನೆಗೆ ಹೋದ್ವಿ. ಮರಯೂರು ಬೆಲ್ಲಕ್ಕೆ 2019ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಆ ಊರಿನದೇ ವಿಶೇಷ ಅನ್ನೋ ಮಾನ್ಯತೆ ಸಿಕ್ಕಿದೆ, ಬಿಸಿ ಇರುವಾಗಲೇ ಕೈಯಲ್ಲಿ ಉಂಡೆ ಕಟ್ತಾರೆ, ಉಂಡೆ ಮೇಲೆ ಬೆರಳಿನ ಗುರುತು ಹಂಗೇ ಉಳಿಯುತ್ತೆ. ಅತ್ತಿಗೆ ಚೀಲಗಟ್ಲೆ ತಗೊಂಡ್ರು. ಹತ್ತಿರದ ಕಾಂತಲ್ಲೂರಿಗೂ ಹೋಗಿ ಬೆಳ್ಳುಳ್ಳಿ ತಂದ್ವಿ.

ಹೋಗೋರು ಬೆಳಿಗ್ಗೇನೇ ಹೋಗಿ, ಬಿಸಿಲೇರಿದ್ರೆ ಬಂಡೆ ಕಾಯುತ್ತೆ, ವಯಸ್ಸಾದವ್ರಿಗೆ ಕಷ್ಟ. ಚಪ್ಪಡಿ ಮೇಲೆ ದಯವಿಟ್ಟು ಯಾರೂ ಹತ್ಬೇಡಿ, ಫೋಟೋಗೂ ಬೇಡ. ಅಷ್ಟು ದೂರ ಆಗಲ್ಲ ಅನ್ನೋರಿಗೆ ನಮ್ ಕೊಪ್ಪಳದ ಹಿರೇಬೆಣಕಲ್ ಇದೆ, ಅಲ್ಲಿ ಇಂಥವು ನೂರಾರು, 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಅಪ್ಪ ಈಗ್ಲೇ ಅಲ್ಲಿಗೆ ಯಾವಾಗ ಅಂತ ಕೇಳ್ತಿದ್ದಾರೆ, ಮಕ್ಕಳ ಪರೀಕ್ಷೆ ಮುಗೀಲಿ ಅಂದಿದ್ದೀನಿ.